ಅರಿಶಿನ, ಶುಂಠಿ ಮತ್ತು ಮೊಣಕಾಲು ನೋವು



ತೊಗರಿ ರಾಶಿ ಮುಗಿಯುವ ಹೊತ್ತಿಗೆ ಕಂಗ್ಟಿ, ನಾರಾಯಣಖೇಡ ಭಾಗದ ನಮ್ಮ ಮನೆಗಳಲ್ಲಿ ಒಂದೇ ಮಾತು: ಸೊಂಟ ಹಿಡಿದಿದೆ, ಮೊಣಕಾಲು ಊದಿದೆ. ಕಳೆ ತೆಗೆಯುವವರು, ಕೊಯ್ಯುವವರು ಹೆಚ್ಚಾಗಿ ನಮ್ಮ ತಾಯಂದಿರು, ಅಕ್ಕತಂಗಿಯರು. ಆದ್ದರಿಂದ ನೋವೂ ಹೆಚ್ಚಾಗಿ ಅವರದೇ. ಕೆಲವರು ಅಂಗಡಿಯ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಕೆಲವರು ಎಲ್ಲಕ್ಕೂ ಅರಿಶಿನವೇ ಮದ್ದು ಎನ್ನುತ್ತಾರೆ. ಈ ಎರಡರ ಬಗ್ಗೆಯೂ ನಾವು ಸರಿಯಾಗಿ ತಿಳಿದಿರಬೇಕು.

ಊತ ಏಕೆ ಬರುತ್ತದೆ?

ಗಾಯವಾದಾಗ ಅಥವಾ ಕೀಲು ಸವೆದಾಗ ದೇಹವು ಅಲ್ಲಿಗೆ ರಕ್ತವನ್ನೂ ಬಿಳಿ ರಕ್ತಕಣಗಳನ್ನೂ ಹೆಚ್ಚಾಗಿ ಕಳುಹಿಸುತ್ತದೆ. ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿ ನೋಯುತ್ತದೆ. ಇದೇ ಉರಿಯೂತ. ಸ್ವಲ್ಪ ದಿನವಿದ್ದರೆ ಇದು ರಕ್ಷಣೆ. ವರ್ಷಗಟ್ಟಲೆ ಉಳಿದರೆ ಹಾನಿ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಆಮ್ಲಜನಕದಿಂದ ಬಹಳ ಚುರುಕಾದ ಕಣಗಳನ್ನು ತಯಾರಿಸುತ್ತವೆ. ಇವು ಅತಿಯಾದರೆ ಗಾಳಿಗಿಟ್ಟ ಕುಡುಗೋಲು ತುಕ್ಕು ಹಿಡಿಯುವಂತೆ ನಮ್ಮದೇ ಜೀವಕೋಶಗಳನ್ನು ಕೆಡಿಸುತ್ತವೆ. ಇದನ್ನು ಉತ್ಕರ್ಷಣದ ಒತ್ತಡ ಎನ್ನುತ್ತಾರೆ.

ಬಿಸಿಲು, ಹುಳು, ಶಿಲೀಂಧ್ರಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಗಿಡಗಳು ಬಣ್ಣ, ಖಾರ, ಒಗರಿನ ಅನೇಕ ವಸ್ತುಗಳನ್ನು ತಯಾರಿಸುತ್ತವೆ. ಅರಿಶಿನದ ಹಳದಿಯಲ್ಲಿರುವ ಕರ್ಕ್ಯುಮಿನ್, ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಅಂಥವು. ಉರಿಯೂತಕ್ಕೆ ಆಜ್ಞೆ ಕೊಡುವ ಜೀವಕೋಶದೊಳಗಿನ ಸಂಕೇತಗಳನ್ನು ಇವು ತಗ್ಗಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಪರೀಕ್ಷೆಗಳು ಏನು ಹೇಳುತ್ತವೆ?

ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ನಮ್ಮ ಧರ್ಮಸಭೆಯೇ ನಡೆಸುವ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ದಾರಿ ತೋರಿಸಿತು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ ಎಂಬ ಅಂಶವನ್ನು 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಅರಿಶಿನಕ್ಕೆ ಮೆಣಸು ಸೇರಿಸುವ ನಮ್ಮ ಅಜ್ಜಿಯರ ಕಷಾಯದಲ್ಲಿ ಅರ್ಥವಿದೆ.

ಥಾಯ್ಲೆಂಡಿನಲ್ಲಿ ಮೊಣಕಾಲು ಸವೆದ 367 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಹೊರಬಂತು. ದಿನಕ್ಕೆ 1,500 ಮಿಲಿಗ್ರಾಂ ಅರಿಶಿನದ ಸಾರ ತೆಗೆದುಕೊಂಡವರಿಗೆ ನಾಲ್ಕು ವಾರಗಳಲ್ಲಿ ಐಬುಪ್ರೊಫೆನ್ ಗುಳಿಗೆಯಷ್ಟೇ ಉಪಶಮನ ಸಿಕ್ಕಿತು. ಹೊಟ್ಟೆಯ ತೊಂದರೆಯೂ ಕಡಿಮೆಯಿತ್ತು.

ಆದರೆ ಲೆಕ್ಕ ನೋಡೋಣ. ಒಂದು ಚಿಕ್ಕ ಚಮಚ ಅರಿಶಿನ ಪುಡಿ ಸುಮಾರು 3 ಗ್ರಾಂ. ಅದರಲ್ಲಿ ಕರ್ಕ್ಯುಮಿನ್ ಸುಮಾರು 100 ಮಿಲಿಗ್ರಾಂ ಮಾತ್ರ. ಆ ಪರೀಕ್ಷೆಯ ಪ್ರಮಾಣ ತಲುಪಲು ದಿನಕ್ಕೆ ಹತ್ತು ಚಮಚಕ್ಕೂ ಹೆಚ್ಚು ಬೇಕು! ಆದ್ದರಿಂದ ಸಾರಿನ ಅರಿಶಿನ ಒಳ್ಳೆಯ ಆಹಾರ. ಕೀಲುನೋವಿನ ಚಿಕಿತ್ಸೆ ಅಲ್ಲ.

ಹಾಗಾದರೆ ಸಾರದ ಕ್ಯಾಪ್ಸೂಲನ್ನೇ ನುಂಗೋಣವೇ? ಅವಸರ ಬೇಡ. ಇಂಥ ಕ್ಯಾಪ್ಸೂಲುಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು 2019ರಲ್ಲಿ ಇಟಲಿಯಲ್ಲಿ ವರದಿಯಾದವು. ಪಿತ್ತಕೋಶದಲ್ಲಿ ಕಲ್ಲು ಇರುವವರು, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಗಿಡದಿಂದ ಬಂದದ್ದೆಲ್ಲ ನಿರಪಾಯ ಎನ್ನುವಂತಿಲ್ಲ. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕೆರೊಟಿನ್ ಅನ್ನು ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವವರಿಗೆ ಗುಳಿಗೆಯಾಗಿ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಏರಿದ್ದು 1994ರಲ್ಲಿ ತಿಳಿದುಬಂತು.

ನಮ್ಮ ಹೊಲದಲ್ಲೇ ಇದೆ

ಇಂಥ ಒಳ್ಳೆಯ ಅಂಶಗಳು ಒಂದು ಗುಳಿಗೆಗಿಂತ ಹಲವು ಬಗೆಯ ಊಟದಲ್ಲಿ ಕ್ಷೇಮವಾಗಿ ಸಿಗುತ್ತವೆ. ಜೋಳದ ರೊಟ್ಟಿ, ಸಿಪ್ಪೆಸಹಿತ ಕಾಳು, ಪುಂಡಿಪಲ್ಯ, ರಾಜಗಿರಿ, ನುಗ್ಗೆ ಸೊಪ್ಪು ಎಲ್ಲದರಲ್ಲೂ ಅವು ಇವೆ. ಜಹೀರಾಬಾದಿನ ಸುತ್ತಲಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಒಂದೇ ಹೊಲದಲ್ಲಿ ಅನೇಕ ಬೆಳೆ ಹಾಕುವ ಪದ್ಧತಿಯನ್ನೂ, ಬಿತ್ತದೆ ಬರುವ ಸೊಪ್ಪುಗಳ ಬಳಕೆಯನ್ನೂ ಉಳಿಸಿಕೊಂಡು ಬಂದಿವೆ. ಈ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಕಳೆನಾಶಕ ಹೊಡೆದ ಹೊಲದಲ್ಲಿ ಈ ಸೊಪ್ಪೂ ಸಾಯುತ್ತದೆ ಎಂಬುದನ್ನು ಮರೆಯದಿರೋಣ.

ಮನೆಯವರು ಗಮನಿಸಬೇಕಾದವು:

1. ಅರಿಶಿನವನ್ನು ಕೊಂಬಾಗಿಯೇ ಕೊಂಡು, ತೊಳೆದು ಒಣಗಿಸಿ ಬೀಸಿಸಿ. ಬಣ್ಣ ಹೆಚ್ಚಿಸಲು ಕೆಲವೆಡೆ ಸೀಸದ ಕ್ರೋಮೇಟ್ ಬೆರೆಸುತ್ತಾರೆ. ಅದು ಮಕ್ಕಳ ಮಿದುಳಿಗೆ ವಿಷ. ಕೊಂಬಿಗೂ ಇದನ್ನು ಬಳಿಯುವುದುಂಟು, ಆದ್ದರಿಂದ ಅತಿಯಾಗಿ ಹೊಳೆಯುವ ಕೊಂಬು ಬೇಡ.

2. ಕುಡುಗೋಲು ತಾಗಿದ ಆಳವಾದ ಗಾಯಕ್ಕೆ ಅರಿಶಿನ ತುಂಬಬೇಡಿ. ಶುದ್ಧ ನೀರು, ಸಾಬೂನಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ.

3. ನೋವಿನ ಗುಳಿಗೆಯನ್ನು ವೈದ್ಯರ ಸಲಹೆಯಿಲ್ಲದೆ ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಅಪಾಯ ಇನ್ನೂ ಹೆಚ್ಚು.

4. ಕೀಲು ಕೆಂಪಾಗಿ ಜ್ವರ ಬಂದರೆ, ಬೆಳಿಗ್ಗೆ ಕೈಬೆರಳು ಒಂದು ಗಂಟೆಗೂ ಹೆಚ್ಚು ಬಿಗಿದುಕೊಂಡರೆ ತಡಮಾಡದೆ ತೋರಿಸಿ.

5. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಗುಳಿಗೆಯನ್ನು ಕಷಾಯ ನಂಬಿ ನಿಲ್ಲಿಸಬೇಡಿ.

ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಮಣ್ಣಿನಿಂದ ಬರುವ ಔಷಧಿಯನ್ನೂ ವೈದ್ಯನನ್ನೂ ಒಟ್ಟಿಗೇ ದೇವರ ಕೊಡುಗೆ ಎಂದು ಕಾಣುತ್ತದೆ. ನಾವೂ ಎರಡನ್ನೂ ಬೇರ್ಪಡಿಸದೆ, ನಮ್ಮ ಮನೆಯ ದುಡಿಯುವ ಕೈಕಾಲುಗಳನ್ನು ಕಾಪಾಡಿಕೊಳ್ಳೋಣ.