ಬಿಹಾರದ ಭೂಕಂಪ: ಕಾರಣವೋ, ಶಿಕ್ಷೆಯೋ?

1934ರ ಜನವರಿ 15ರ ಮಧ್ಯಾಹ್ನ ಬಿಹಾರ, ನೇಪಾಳಗಳಲ್ಲಿ ನೆಲ ನಡುಗಿತು. ಮುಂಗೇರ್ ಪಟ್ಟಣ ಮಣ್ಣುಗೂಡಿತು. ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಅಸ್ಪೃಶ್ಯತೆಯ ವಿರುದ್ಧ ದಕ್ಷಿಣ ಭಾರತದಲ್ಲಿ ಪ್ರವಾಸ ಮಾಡುತ್ತಿದ್ದ ಗಾಂಧೀಜಿ, ಇದು ಆ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆ ಎಂದರು.

ಅಸ್ಪೃಶ್ಯತೆಯನ್ನು ರವೀಂದ್ರನಾಥ ಠಾಕೂರರೂ ಖಂಡಿಸುತ್ತಿದ್ದವರೇ. ಆದರೂ ಈ ಮಾತು ಅವರನ್ನು ನೋಯಿಸಿತು. ಭೌತಿಕ ಘಟನೆಗೆ ಭೌತಿಕ ಕಾರಣವೇ ಇರುತ್ತದೆ; ಅದಕ್ಕೆ ನೀತಿಯನ್ನು ಗಂಟುಹಾಕಿದರೆ ನಾಳೆ ಎದುರಾಳಿಗಳು ಇದೇ ವಾದವನ್ನು ಗಾಂಧೀಜಿಯ ಮೇಲೆಯೇ ತಿರುಗಿಸಿಯಾರು ಎಂಬುದು ಅವರ ಆಕ್ಷೇಪ. ಗಾಂಧೀಜಿ ಅದನ್ನು ಫೆಬ್ರುವರಿಯಲ್ಲಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚುಹಾಕಿದರು. (ಇಂದಿನ ಎಷ್ಟು ನಾಯಕರು ಹಾಗೆ ಮಾಡಿಯಾರು?) ಪಾಪಕ್ಕೂ ಭೂಕಂಪಕ್ಕೂ ಇರುವ ಸಂಬಂಧವನ್ನು ತಾವು ಸಾಬೀತುಪಡಿಸಲಾರೆವು, ಆದರೆ ಮನಸ್ಸಿಗೆ ಹಾಗೆ ಅನ್ನಿಸುತ್ತದೆ ಎಂದು ಉತ್ತರಿಸಿದರು.

ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹಿಮಾಲಯದ ಅಡಿಗೆ ನುಗ್ಗುತ್ತಿದೆ. ಅಲ್ಲಿ ಕೂಡಿದ ಒತ್ತಡ ಒಮ್ಮೆಲೇ ಬಿಡುಗಡೆಯಾದಾಗ ಭೂಮಿ ಕಂಪಿಸುತ್ತದೆ. ಶಿಕ್ಷೆಯೇ ಆಗಿದ್ದರೆ, ಅಸ್ಪೃಶ್ಯತೆಯ ನೋವುಂಡವರನ್ನು ಅದು ಬಿಡಬೇಕಿತ್ತಲ್ಲವೇ? ಹಾಗೆ ಬಿಡಲಿಲ್ಲ.

ಆಗಷ್ಟೇ ಸೆರೆಮನೆಯಿಂದ ಹೊರಬಂದಿದ್ದ ರಾಜೇಂದ್ರ ಪ್ರಸಾದರು ಪರಿಹಾರ ಕಾರ್ಯದ ಹೊಣೆ ಹೊತ್ತರು. ಮಾರ್ಚ್‌ನಲ್ಲಿ ಗಾಂಧೀಜಿಯೂ ಬಿಹಾರಕ್ಕೆ ಬಂದು ಹಾಳುಬಿದ್ದ ಊರುಗಳಲ್ಲಿ ಸುತ್ತಾಡಿದರು.