ಟ್ರಂಕಿನೊಳಗಿನ ಬಣ್ಣ, ಮೈಮೇಲಿನ ಬಣ್ಣ

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ತಗಡಿನ ಟ್ರಂಕು ಇಂದಿಗೂ ಸಿಗುವುದುಂಟು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮನೆಯ ಯಜಮಾನರ ಹೆಸರು; ಒಳಗೆ ನುಸಿಗುಳಿಗೆಯ ವಾಸನೆ. ಕಾಶಿಗೆ ಹೊರಟಾಗ, ಮಗಳ ಬಾಣಂತನಕ್ಕೆಂದು ಬೊಂಬಾಯಿಗೆ ಹೋದಾಗ, ಮದುವೆಗೆಂದು ಮೈಸೂರಿನ ರೈಲು ಹತ್ತಿದಾಗ ಜೊತೆಗೆ ಬಂದದ್ದು ಇದೇ ಟ್ರಂಕು. ಅದರ ಮುಂದೆ ಕುಳಿತು ಬಟ್ಟೆ ಆರಿಸುವ ಹೆಂಗಸಿಗೆ ಎರಡು ಪ್ರಶ್ನೆಗಳಿದ್ದವು. ಒಂದು, ದಾರಿಯಲ್ಲಿ ಯಾವುದು ಬೇಗ ಕೊಳೆಯಾಗುವುದಿಲ್ಲ? ಎರಡು, ಯಾವುದು ತನಗೆ ಒಪ್ಪುತ್ತದೆ?

ಮೊದಲನೆಯದು ಅನುಕೂಲದ ಪ್ರಶ್ನೆ. ಎರಡನೆಯದು ಹಗುರವಾಗಿ ಕಂಡರೂ ಅದರೊಳಗೆ ಬೆಳಕಿನ ಶಾಸ್ತ್ರವಿದೆ, ಬಣ್ಣ ಹಾಕುವ ಕಸುಬಿನ ಚರಿತ್ರೆಯಿದೆ, ಜೊತೆಗೆ ಎಷ್ಟೋ ಮನೆಗಳ ನೋವೂ ಇದೆ. ‘ನಿನ್ನ ಬಣ್ಣಕ್ಕೆ ಇದು ಒಪ್ಪೋದಿಲ್ಲ ಕಣೇ’ ಎಂಬ ಒಂದು ಮಾತು ಅನೇಕ ಹೆಣ್ಣುಮಕ್ಕಳ ಪೆಟ್ಟಿಗೆಯಿಂದ ಕೆಂಪು, ಹಳದಿ, ಹಸಿರುಗಳನ್ನು ಶಾಶ್ವತವಾಗಿ ಹೊರಗಿಟ್ಟಿದೆ. ಆ ಮಾತು ಎಷ್ಟು ನಿಜ?

ಹೊಗೆಬಂಡಿಯ ಕಾಲ

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ದಂಡು ಪ್ರದೇಶದಿಂದ ಜೋಲಾರ್‌ಪೇಟೆಗೆ. ಮೈಸೂರಿನ ಹಾದಿ ಪೂರ್ಣವಾದದ್ದು 1882ರಲ್ಲಿ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ನಂತರ ಇಕ್ಕಟ್ಟಾದ ಪೇಟೆಯನ್ನು ಬಿಟ್ಟ ಕುಟುಂಬಗಳಿಗಾಗಿ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದವು. ಸರ್ಕಾರಿ ನೌಕರರು, ಮೇಷ್ಟರು, ವಕೀಲರು ಇಲ್ಲಿ ನೆಲೆಯೂರಿದರು. ವರ್ಗಾವಣೆ, ತೀರ್ಥಯಾತ್ರೆ, ನೆಂಟರ ಮದುವೆ ಎಂದು ಇವರ ಸಂಚಾರ ಹೆಚ್ಚಿತು.

ಕಲ್ಲಿದ್ದಲಿನ ಎಂಜಿನ್ನು ಎಳೆಯುವ ಬಂಡಿಯಲ್ಲಿ ಕಿಟಕಿಯ ಪಕ್ಕ ಕುಳಿತವರ ಮೈಮೇಲೆಲ್ಲ ಮಸಿ. ಆದ್ದರಿಂದ ತಿಳಿಬಣ್ಣದ ನೂಲಿನ ಸೀರೆ ಪ್ರಯಾಣಕ್ಕೆ ಆಗುತ್ತಿರಲಿಲ್ಲ. ಕಾಫಿಪುಡಿ ಬಣ್ಣ, ಬದನೆಕಾಯಿ ಬಣ್ಣ, ಕಡುನೀಲಿ, ಕಂದುಗೆಂಪು ಇವು ದಾರಿಯ ಬಣ್ಣಗಳಾದವು. ಹದಿನೆಂಟು ಮೊಳದ ಸೀರೆಯನ್ನು ದಾರಿಯಲ್ಲಿ ಒಗೆದು ಒಣಗಿಸುವುದೂ ಸುಲಭವಲ್ಲ. ಮಡಿಯ ನಿಯಮವನ್ನು ಪಾಲಿಸುವ ಮನೆಗಳು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದವು. ನೂಲಿನ ಬಟ್ಟೆ ಮಡಿಯಾಗಬೇಕಾದರೆ ಒಗೆದು, ಮುಟ್ಟದೆ ಒಣಗಿಸಬೇಕು. ರೇಷ್ಮೆ, ಉಣ್ಣೆಗಳಿಗೆ ಆ ಕಟ್ಟು ಸಡಿಲ. ಹೀಗಾಗಿ ಗಂಡಸರ ಮಗುಟ, ಹೆಂಗಸರ ಪಟ್ಟೆಸೀರೆ, ಉಣ್ಣೆಯ ಧಾಬಳಿ ಇವು ಯಾತ್ರೆಯ ಗಂಟಿನಲ್ಲಿ ಖಾಯಂ ಸ್ಥಾನ ಪಡೆದವು. ಆಚಾರದ ಹೆಸರಿನಲ್ಲಿ ನಡೆದರೂ ಇದು ಒಳ್ಳೆಯ ಪ್ರವಾಸ ವಿವೇಕವೇ: ಬೇಗ ಒಣಗುವ, ಚಳಿಗೆ ಬೆಚ್ಚಗಿರುವ, ಮಡಿಸಿದರೆ ಕಡಿಮೆ ಜಾಗ ಹಿಡಿಯುವ ಬಟ್ಟೆ.

ರೇಷ್ಮೆ ಈ ಊರಿಗೆ ದೂರದ ವಸ್ತುವೂ ಆಗಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಟಿಪ್ಪು ಸುಲ್ತಾನ್ ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಣೆಗೆ ಉತ್ತೇಜನ ಕೊಟ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬಸವನಗುಡಿಯ ಅಂಚಿನಲ್ಲಿ ರೇಷ್ಮೆ ಫಾರಂ ಸ್ಥಾಪಿಸಿದರು; ಹಿಪ್ಪುನೇರಳೆ ತೋಟ ಹೋದರೂ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಆ ಬಡಾವಣೆಗೆ ಉಳಿದಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನಿಂದ ಯಂತ್ರಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭಿಸಿದರು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಅಲ್ಲಿಂದ ಬಂದ ಮೈಸೂರು ಕ್ರೇಪ್ ಸೀರೆ ಪ್ರಯಾಣಕ್ಕೆಂದೇ ಹೇಳಿ ಮಾಡಿಸಿದಂತಿತ್ತು. ಕ್ರೇಪಿನ ಎಳೆಗಳನ್ನು ಬಹಳ ಬಿಗಿಯಾಗಿ ಹುರಿಗೊಳಿಸಿರುತ್ತಾರೆ. ಆ ಹುರಿಯ ಬಿಗುವಿನಿಂದ ಬಟ್ಟೆಯ ಮೈ ಸಣ್ಣಗೆ ತರಿತರಿಯಾಗುತ್ತದೆ, ಮಡಿಕೆಯ ಗೆರೆಗಳು ಅದರಲ್ಲಿ ಸುಲಭವಾಗಿ ನಿಲ್ಲುವುದಿಲ್ಲ. ಬುಟ್ಟಾಗಳಿಲ್ಲದ ಒಂದೇ ಬಣ್ಣದ ಒಡಲು, ಸಣ್ಣ ಜರಿ ಅಂಚು ಇದರ ಹಳೆಯ ಮಾದರಿ. ಒಡಲು ಹೀಗೆ ಸರಳವಾದಾಗ ಬಣ್ಣವೇ ಮುಖ್ಯವಾಗುತ್ತದೆ.

ಬಣ್ಣಗಳ ಪ್ರವಾಹ

ಹಿಂದಿನ ಬಣ್ಣಗಾರರ ಬಳಿ ಇದ್ದ ಮೂಲ ಸಾಮಗ್ರಿಗಳು ಕೆಲವೇ: ನೀಲಿಗಿಡ, ಮಂಜಿಷ್ಠ, ಅರಗು, ಅರಿಶಿನ ಮೊದಲಾದವು. ಒಂದರ ಮೇಲೊಂದು ಅದ್ದಿ ಉಳಿದ ಛಾಯೆಗಳನ್ನು ಪಡೆಯಬೇಕಿತ್ತು. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ಅಕಸ್ಮಾತ್ತಾಗಿ ನೇರಳೆ ಬಣ್ಣವೊಂದನ್ನು ಕಂಡುಹಿಡಿದ. 1868ರಲ್ಲಿ ಜರ್ಮನಿಯ ರಸಾಯನ ಶಾಸ್ತ್ರಜ್ಞರು ಮಂಜಿಷ್ಠದ ಕೆಂಪನ್ನು ಕೃತಕವಾಗಿ ಮಾಡಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಅಲ್ಲಿಂದ ಮುಂದೆ ಚಿಕ್ಕಪೇಟೆಯ ಅಂಗಡಿಯ ಬಿಳಿ ಹಾಸಿನ ಮೇಲೆ ಹರಡುವ ಸೀರೆಗಳಿಗೆ ಹೆಸರಿಡುವುದೇ ಒಂದು ಕೆಲಸವಾಯಿತು. ನವಿಲುಗರಿ, ಗಿಳಿಹಸಿರು, ಈರುಳ್ಳಿ ಸಿಪ್ಪೆ, ಮೆಂತ್ಯ, ಕನಕಾಂಬರ, ದಾಳಿಂಬೆ, ರಾಮಾ ಹಸಿರು: ನಮ್ಮ ಹೆಂಗಸರು ಬಣ್ಣವನ್ನು ಗುರುತಿಸಿದ್ದು ಅಡುಗೆಮನೆ, ಹಿತ್ತಲುಗಳ ನೆನಪಿನಿಂದ.

ಒಂದು ಬಣ್ಣಕ್ಕಂತೂ ಗಾಯಕಿಯ ಹೆಸರೇ ಅಂಟಿಕೊಂಡಿತು. ಕಾಂಚೀಪುರದ ನೇಕಾರ ಮುತ್ತು ಚೆಟ್ಟಿಯಾರ್ ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆಂದು ನೇಯ್ದ ನೀಲಿ ‘ಎಂ.ಎಸ್. ಬ್ಲೂ’ ಎಂದೇ ಪ್ರಸಿದ್ಧವಾಯಿತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಲಿ ನಡೆಸುವ ರಾಮನವಮಿ ಸಂಗೀತೋತ್ಸವದಲ್ಲೂ ಅವರು ಹಾಡಿದ್ದಾರೆ. ಊರೂರು ಸುತ್ತುವ ಕಲಾವಿದೆಯ ಉಡುಪಿನಲ್ಲಿ ಒಂದು ಬಣ್ಣ ನೆಲೆಯಾಗಿ ನಿಂತು ಕೊನೆಗೆ ಆಕೆಯ ಗುರುತೇ ಆಯಿತು.

ಆದರೆ ಬಣ್ಣ ಎಲ್ಲರಿಗೂ ಸಮನಾಗಿ ದಕ್ಕಿದ್ದಲ್ಲ. ಮಂಗಳಕಾರ್ಯಕ್ಕೆ ಕಪ್ಪು ಬೇಡ ಎಂಬುದು ಇಲ್ಲಿಯ ನಂಬಿಕೆ. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಗೆ ಕರಿಯ ಚಂದ್ರಕಾಳಿ ಸೀರೆಯೇ ಶ್ರೇಷ್ಠ. ವೈದಿಕ ಮನೆತನಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ತಲೆ ಬೋಳಿಸಿ ಕೆಂಪು ಸೀರೆಯೊಂದನ್ನೇ ಉಡಿಸುತ್ತಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೆ, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಆಧರಿಸಿ ಮಾಡಿದ ಚಿತ್ರವನ್ನು ನೋಡಿದವರಿಗೆ ಅಂಥ ಬಾಳಿನ ಪರಿಚಯವಿದೆ. ಅಂಥವರ ಯಾತ್ರೆಯ ಗಂಟಿನಲ್ಲಿ ‘ಯಾವ ಬಣ್ಣ’ ಎಂಬ ಪ್ರಶ್ನೆಗೇ ಅವಕಾಶವಿರಲಿಲ್ಲ. ಬಣ್ಣ ಆರಿಸುವುದು ಬರಿಯ ಷೋಕಿಯಲ್ಲ, ಒಂದು ಹಕ್ಕು ಕೂಡ ಎಂಬುದು ಇದರಿಂದ ತಿಳಿಯುತ್ತದೆ.

ಒಪ್ಪುವುದು ಎಂದರೇನು?

ಮೈಬಣ್ಣಕ್ಕೆ ಮುಖ್ಯ ಕಾರಣ ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ. ಅದರ ಜೊತೆಗೆ ಚರ್ಮದಡಿಯ ರಕ್ತದ ಕೆಂಪು ಸೇರುತ್ತದೆ. ಒಂದೇ ಮನೆಯಲ್ಲಿ ಗೋಧಿಬಣ್ಣದ ಅಣ್ಣ, ಎಣ್ಣೆಗಪ್ಪಿನ ತಂಗಿ ಇರುವುದು ಈ ಬೆರಕೆಯ ಪ್ರಮಾಣದಿಂದ. ಬಟ್ಟೆಯ ಬಣ್ಣ ಇದರ ಮೇಲೆ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದಾಗಿ, ಬಟ್ಟೆಗೆ ಬಿದ್ದ ಬೆಳಕು ಅದರ ಬಣ್ಣವನ್ನು ಹೊತ್ತು ಗಲ್ಲ, ಕೆನ್ನೆ, ಕತ್ತಿನ ಮೇಲೆ ಚೆಲ್ಲುತ್ತದೆ. ಎರಡನೆಯದು ಕಣ್ಣಿನ ಆಟ.

ಈ ಆಟವನ್ನು ಶಾಸ್ತ್ರೀಯವಾಗಿ ವಿವರಿಸಿದವನು ಫ್ರಾನ್ಸಿನ ರಸಾಯನ ಶಾಸ್ತ್ರಜ್ಞ ಮಿಷೆಲ್ ಷೆವ್ರೊಲ್. 1824ರಲ್ಲಿ ಅವನು ಪ್ಯಾರಿಸ್ಸಿನ ಗೊಬೆಲಾಂ ಚಿತ್ರಗಂಬಳಿ ಕಾರ್ಖಾನೆಯ ಬಣ್ಣದ ವಿಭಾಗದ ಮುಖ್ಯಸ್ಥನಾದ. ಅಲ್ಲಿಯ ಕಪ್ಪು ಬಣ್ಣ ಮಂಕಾಗಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಸಾರ ಇಷ್ಟು: ಅಕ್ಕಪಕ್ಕದ ಎರಡು ಬಣ್ಣಗಳು ಕಣ್ಣಿಗೆ ತಮ್ಮ ವ್ಯತ್ಯಾಸವನ್ನು ಹೆಚ್ಚಿಸಿಕೊಂಡು ಕಾಣುತ್ತವೆ. ಹಸಿರಿನ ಪಕ್ಕದ ಚರ್ಮ ಕೊಂಚ ಕೆಂಪೇರಿದಂತೆ ತೋರುತ್ತದೆ. ಕಡುಬಣ್ಣದ ಪಕ್ಕದಲ್ಲಿ ಅದೇ ಚರ್ಮ ತಿಳಿಯಾಗಿ, ತಿಳಿಬಣ್ಣದ ಪಕ್ಕದಲ್ಲಿ ಗಾಢವಾಗಿ ತೋರುತ್ತದೆ.

ಹಾಗಾದರೆ ‘ಒಪ್ಪುವುದು’ ಎಂದರೆ ಚರ್ಮವನ್ನು ಬೆಳ್ಳಗೆ ತೋರಿಸುವುದೆ? ನಮ್ಮಲ್ಲಿ ಬಹುಕಾಲ ಹಾಗೆಯೇ ಅರ್ಥಮಾಡಿಕೊಳ್ಳಲಾಗಿದೆ. ವಧುಪರೀಕ್ಷೆಯ ದಿನ ಹುಡುಗಿಗೆ ಸೀರೆ ಆರಿಸುವಾಗ ಕೇಳುತ್ತಿದ್ದ ಪ್ರಶ್ನೆ ‘ಇದರಲ್ಲಿ ಬೆಳ್ಳಗೆ ಕಾಣುತ್ತಾಳೆಯೇ’ ಎಂದೇ ಹೊರತು ‘ಚೆನ್ನಾಗಿ ಕಾಣುತ್ತಾಳೆಯೇ’ ಎಂದಲ್ಲ. ಕಪ್ಪಗಿರುವವರಿಗೆ ಕಣ್ಣಿಗೆ ಹೊಡೆಯದ ಮಬ್ಬು ಬಣ್ಣವೇ ಸರಿ ಎಂಬ ತೀರ್ಮಾನವೂ ಇದರ ಜೊತೆಗೇ ಬಂತು. 1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಮುಲಾಮೊಂದು ‘ಫೇರ್’ ಎಂಬ ಪದವನ್ನು ತನ್ನ ಹೆಸರಿನಿಂದ ತೆಗೆದುಹಾಕಲು 2020ರವರೆಗೆ ಕಾಲ ಹಿಡಿಯಿತು.

ಸ್ವಾರಸ್ಯವೆಂದರೆ ನಮ್ಮ ಪುರಾಣದ ಕಣ್ಣು ಇದಕ್ಕಿಂತ ಸೂಕ್ಷ್ಮವಾಗಿತ್ತು. ಮೇಘಶ್ಯಾಮನಾದ ಕೃಷ್ಣನಿಗೆ ಉಡಿಸಿದ್ದು ಮಬ್ಬು ಬಣ್ಣವನ್ನಲ್ಲ, ಹೊಳೆಯುವ ಪೀತಾಂಬರವನ್ನು. ಬೆಳ್ಳಗಿನ ಬಲರಾಮ ನೀಲಾಂಬರಧಾರಿ. ಗಾಢ ಮೈಗೆ ಉಜ್ವಲ ಹಳದಿ, ತಿಳಿ ಮೈಗೆ ಗಾಢ ನೀಲಿ: ಷೆವ್ರೊಲ್ ಹೇಳಿದ ವ್ಯತ್ಯಾಸದ ಸೊಗಸು ಇದೇ. ಇಲ್ಲಿ ಬಟ್ಟೆ ಮೈಬಣ್ಣವನ್ನು ಮರೆಮಾಚುತ್ತಿಲ್ಲ, ಎತ್ತಿ ತೋರಿಸುತ್ತಿದೆ. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಆಕೆಯ ಕಪ್ಪು ಬಣ್ಣದಿಂದಲೇ; ಆಕೆಯ ಚೆಲುವಿಗೆ ಅದು ಅಡ್ಡಿಯಾಗಲಿಲ್ಲ. ಪಾತ್ರಗಳನ್ನು ಹೀಗೆ ಕಲ್ಪಿಸಿಕೊಂಡ ಸಮಾಜವೇ ತನ್ನ ಮನೆಯ ಮಗಳಿಗೆ ಹಳದಿ ಸೀರೆ ಬೇಡ ಎಂದದ್ದು ವಿಚಿತ್ರ.

ಪಶ್ಚಿಮದ ನಾಲ್ಕು ಋತುಗಳು

1980ರಲ್ಲಿ ಅಮೆರಿಕದ ಕೆರೋಲ್ ಜ್ಯಾಕ್ಸನ್ ಬರೆದ ಪುಸ್ತಕವೊಂದು ಲಕ್ಷಾಂತರ ಪ್ರತಿ ಮಾರಾಟವಾಯಿತು. ಜನರನ್ನು ವಸಂತ, ಗ್ರೀಷ್ಮ, ಶರತ್ತು, ಚಳಿಗಾಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಒಂದೊಂದು ಬಗೆಗೂ ಒಪ್ಪುವ ಬಣ್ಣಗಳ ಪಟ್ಟಿ ಕೊಡುವ ಪದ್ಧತಿ ಅದು. ಚರ್ಮದ ಜೊತೆಗೆ ಕೂದಲು, ಕಣ್ಣಿನ ಬಣ್ಣಗಳೂ ಅದರ ಲೆಕ್ಕಕ್ಕೆ ಬರುತ್ತವೆ. ಹೊಂಗೂದಲು, ಕೆಂಗೂದಲು, ನೀಲಿಕಣ್ಣುಗಳಿರುವ ಜನರ ನಡುವೆ ಹುಟ್ಟಿದ ಈ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತಂದರೆ ಕಪ್ಪು ಕೂದಲು, ಕಂದು ಕಣ್ಣಿನ ಬಹುಪಾಲು ಕನ್ನಡಿಗರು ಒಂದೆರಡು ಕೋಣೆಗಳಲ್ಲೇ ತುಂಬಿಹೋಗುತ್ತಾರೆ. ಇದು ಅನುಭವದ ಸೂತ್ರವೇ ಹೊರತು ವಿಜ್ಞಾನದ ನಿಯಮವಲ್ಲ.

ಆದರೂ ಅದರಿಂದ ಕಲಿಯಬೇಕಾದ ಒಂದು ಪಾಠವಿದೆ. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಲದು, ಭುಜದ ಮೇಲೆ ಹೊದ್ದು ಕನ್ನಡಿ ನೋಡಬೇಕು. ನೋಡಬೇಕಾದ್ದು ಬಟ್ಟೆಯನ್ನಲ್ಲ, ಮುಖವನ್ನು. ಕಣ್ಣು ಕಾಂತಿಯುತವಾಗಿ, ಚರ್ಮ ಒಂದೇ ಸಮನಾಗಿ ಕಂಡರೆ ಬಣ್ಣ ಒಪ್ಪಿದೆ ಎಂದರ್ಥ; ಕಣ್ಣಿನ ಕೆಳಗಿನ ಕಪ್ಪು, ಆಯಾಸ ಮೊದಲು ಕಂಡರೆ ಒಪ್ಪಿಲ್ಲ. ಇನ್ನು ಅಂಗಡಿಯ ದೀಪವನ್ನು ನಂಬಬಾರದು. ದೀಪದಡಿ ಒಂದೇ ಬಣ್ಣವಾಗಿ ಕಂಡ ಸೀರೆ, ರವಿಕೆ ಬಟ್ಟೆಗಳು ಹಗಲಿನಲ್ಲಿ ಬೇರೆಬೇರೆಯಾಗುವುದುಂಟು. ದೀಪದ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬಿಸಿಲಿನಲ್ಲಿರುವ ಪ್ರಮಾಣದಲ್ಲಿ ಇರುವುದಿಲ್ಲವೆಂಬುದೇ ಕಾರಣ. ಗಾಂಧಿ ಬಜಾರಿನಲ್ಲಾಗಲಿ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಾಗಲಿ ಸೀರೆಯನ್ನು ಬಾಗಿಲ ಬೆಳಕಿಗೆ ತಂದು ನೋಡುವ ಅಜ್ಜಿಯ ಅಭ್ಯಾಸ ವ್ಯರ್ಥ ಹಠವಲ್ಲ.

ಕಡಿಮೆ ಬಟ್ಟೆ, ಹೆಚ್ಚು ಬಣ್ಣ

ಇಂದು ಟ್ರಂಕಿನ ಕಾಲ ಮುಗಿದಿದೆ. ಕೂಲಿಯವನ ತಲೆಯ ಮೇಲೆ ಹೋಗುತ್ತಿದ್ದ ಭಾರವನ್ನು ಈಗ ತಾವೇ ಎಳೆಯಬೇಕು. ವಿಮಾನದ ಕೈಚೀಲಕ್ಕೆ ಸಾಮಾನ್ಯವಾಗಿ ಏಳು ಕಿಲೋ ಮಿತಿ. ಸೀರೆಯೊಂದು ಅರ್ಧ ಕಿಲೋ ತೂಗಿದರೂ ಲೆಕ್ಕ ಬೇಗ ತುಂಬುತ್ತದೆ. ಆದ್ದರಿಂದ ಒಂದಕ್ಕೊಂದು ಹೊಂದುವ ಕೆಲವೇ ಬಟ್ಟೆಗಳನ್ನು ಆರಿಸುವುದು ಜಾಣತನ.

ಇದಕ್ಕೂ ಹಳೆಯ ಸೀರೆಯ ಪೆಟ್ಟಿಗೆಯಲ್ಲೇ ಉತ್ತರವಿದೆ. ಒಡಲು ಒಂದು ಬಣ್ಣ, ಅಂಚು ಸೆರಗು ಇನ್ನೊಂದು ಬಣ್ಣವಿರುವ ಸೀರೆ ನಮ್ಮ ನೇಯ್ಗೆಯ ವೈಶಿಷ್ಟ್ಯ. ಇಳಕಲ್ಲಿನ ಸೀರೆಯ ಒಡಲು ಯಾವುದೇ ಇರಲಿ, ಸೆರಗು ಸಾಂಪ್ರದಾಯಿಕವಾಗಿ ಕೆಂಪೇ. ಅಂಚಿನ ಬಣ್ಣ ಸಮಾನವಾಗಿರುವ ಮೂರು ಸೀರೆಗಳನ್ನು ಆರಿಸಿಕೊಂಡರೆ ಒಂದೇ ರವಿಕೆ ಮೂರಕ್ಕೂ ಸಾಕು. ದಾರಿಗೆ ಕಡುಬಣ್ಣದ್ದೊಂದು, ಊರು ಸುತ್ತಲು ಮಧ್ಯಮ ಛಾಯೆಯದೊಂದು, ದೇವಸ್ಥಾನಕ್ಕೋ ಸಮಾರಂಭಕ್ಕೋ ಉಜ್ವಲವಾದದ್ದೊಂದು. ಮುಖದ ಹತ್ತಿರ ಬರುವುದು ರವಿಕೆ ಮತ್ತು ಭುಜದ ಮೇಲಿನ ಸೆರಗು. ಮೈಬಣ್ಣಕ್ಕೆ ಒಪ್ಪಬೇಕಾದದ್ದು ಅವೇ. ಚೂಡಿದಾರ್ ತೊಡುವವರಿಗೆ ದುಪಟ್ಟಾ, ಪ್ಯಾಂಟು ತೊಡುವವರಿಗೆ ಮೇಲಂಗಿ ಅಥವಾ ಶಾಲು ಇದೇ ಕೆಲಸ ಮಾಡುತ್ತದೆ. ಸೊಂಟದ ಕೆಳಗಿನ ಬಟ್ಟೆಗೆ ಕೊಳೆ ಕಾಣದ ಬಣ್ಣವಿದ್ದರೆ ಸಾಕು. ಹೊಸ ಕೆಂಪು, ಕಡುನೀಲಿ ಬಟ್ಟೆಗಳನ್ನು ಹೊರಡುವ ಮುನ್ನ ಮನೆಯಲ್ಲೇ ಒಮ್ಮೆ ಪ್ರತ್ಯೇಕವಾಗಿ ಒಗೆದು ನೋಡುವುದು ಕ್ಷೇಮ. ಬಣ್ಣ ಬಿಡುವ ಒಂದು ಬಟ್ಟೆ ಪರಊರಿನ ಬಕೆಟ್ಟಿನಲ್ಲಿ ಉಳಿದೆಲ್ಲವನ್ನೂ ಕೆಡಿಸಬಲ್ಲುದು.

ಗಂಡಸರು ಈ ಲೆಕ್ಕಾಚಾರದಿಂದ ಬಹುಕಾಲ ಪಾರಾಗಿದ್ದರು. ಬಿಳಿ ಪಂಚೆ, ಕರಿ ಕೋಟು, ಜರಿಪೇಟ ಎಲ್ಲ ಮೈಬಣ್ಣಕ್ಕೂ ಒಂದೇ. ಅವರ ಬಣ್ಣವನ್ನು ಯಾರೂ ಕೇಳುತ್ತಿರಲಿಲ್ಲ. ಒಪ್ಪುವ ಬಣ್ಣದ ಚಿಂತೆಯೆಲ್ಲ ಹೆಣ್ಣಿನ ತಲೆಗೇ ಏಕೆ ಬಂತು ಎಂಬುದಕ್ಕೆ ಉತ್ತರ ಬಣ್ಣದ ಶಾಸ್ತ್ರದಲ್ಲಿಲ್ಲ, ಸಮಾಜದಲ್ಲಿದೆ.

ಯಾವ ಮೈಬಣ್ಣಕ್ಕೂ ಪೂರ್ತಿ ನಿಷಿದ್ಧವಾದ ಬಣ್ಣವೆಂಬುದಿಲ್ಲ. ಕೆಂಪು ಬೇಡವೆನಿಸಿದರೆ ಕುಂಕುಮದ ಕೆಂಪೋ ದಾಳಿಂಬೆಯ ಕೆಂಪೋ ಇಟ್ಟಿಗೆಯ ಕೆಂಪೋ ಎಂದು ಛಾಯೆ ಬದಲಿಸಿ ನೋಡಬಹುದು. ಹಳದಿ ಮುಖಕ್ಕೆ ಹತ್ತಿರವಾದರೆ ಹಿತವಲ್ಲ ಎನಿಸಿದವರು ಅದನ್ನು ಅಂಚಿಗೆ ಇಳಿಸಬಹುದು. ಮನೆಯಲ್ಲಿ ಹತ್ತು ಜನರ ಮಾತಿಗೆ ಅಂಜಿ ಪೆಟ್ಟಿಗೆಯ ತಳದಲ್ಲೇ ಉಳಿದ ಬಣ್ಣವನ್ನು ಧೈರ್ಯವಾಗಿ ಉಟ್ಟು ನೋಡಲು ಗುರುತಿನವರಿಲ್ಲದ ಊರಿಗಿಂತ ಒಳ್ಳೆಯ ಜಾಗ ಬೇರೆಯಿಲ್ಲ. ಹಿಂದಿರುಗಿ ಬರುವಾಗ ಆ ಬಣ್ಣವೇ ತನ್ನದೆನಿಸಿದರೆ, ಪ್ರವಾಸದಿಂದ ತಂದ ಲಾಭಗಳಲ್ಲಿ ಅದೂ ಒಂದು.