ಮುಸುಕು, ಮುಖ ಮತ್ತು ಕಾನೂನು: ಯುರೋಪಿನ ನಿಷೇಧಗಳ ಕುರಿತು ಒಂದು ದೈವಶಾಸ್ತ್ರೀಯ ವಿವೇಚನೆ

ಸಾರ್ವಜನಿಕ ಸ್ಥಳಗಳಲ್ಲಿ ಮುಖವನ್ನು ಮರೆಮಾಡುವ ಉಡುಪನ್ನು ಯುರೋಪಿನ ಹಲವು ರಾಷ್ಟ್ರಗಳು ಒಂದೂವರೆ ದಶಕದ ಅವಧಿಯಲ್ಲಿ ಕಾನೂನಿನ ಮೂಲಕ ನಿಷೇಧಿಸಿವೆ. ಈ ಚರ್ಚೆಯ ಉದ್ದಕ್ಕೂ ‘ಮುಖ’ ಎಂಬ ಪದವು ಮತ್ತೆ ಮತ್ತೆ ಕೇಳಿಬರುತ್ತದೆ. ಅದು ಸತ್ಯವೇದದಲ್ಲಿಯೂ ಭಾರವುಳ್ಳ ಪದ. ಆದುದರಿಂದಲೇ ನಿಷೇಧವನ್ನು ಸಮರ್ಥಿಸುವ ಕೆಲವರು ಕ್ರೈಸ್ತ ಪರಂಪರೆಯನ್ನು ತಮ್ಮ ನೆರವಿಗೆ ಕರೆಯುತ್ತಾರೆ. ಆ ಕರೆಗೆ ಸಭೆಯು ಓಗೊಡಬಹುದೇ ಎಂಬುದೇ ಇಲ್ಲಿ ನಾವು ವಿಚಾರಿಸುವ ಪ್ರಶ್ನೆ.

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ಹಿಜಾಬ್ ತಲೆಗೂದಲನ್ನೂ ಕುತ್ತಿಗೆಯನ್ನೂ ಮುಚ್ಚುತ್ತದೆ. ಮುಖ ತೆರೆದೇ ಇರುತ್ತದೆ. ನಿಖಾಬ್ ಕಣ್ಣುಗಳನ್ನು ಬಿಟ್ಟು ಮುಖವನ್ನು ಮುಚ್ಚುತ್ತದೆ. ಯುರೋಪಿನವರು ಬುರ್ಖಾ ಎನ್ನುವುದು ಕಣ್ಣುಗಳ ಮುಂದೆಯೂ ಜಾಲರಿಯಿರುವ ಅಫ್ಘಾನಿ ಉಡುಪನ್ನು. ನಮ್ಮಲ್ಲಿ ಅದೇ ಹೆಸರಿನಿಂದ ಕರೆಯುವ ಕಪ್ಪು ಮೇಲಂಗಿಯನ್ನಲ್ಲ. 2022ರಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ಎದ್ದ ವಿವಾದವು ತಲೆವಸ್ತ್ರದ ಕುರಿತಾಗಿತ್ತು, ಮುಖದ ಮುಸುಕಿನ ಕುರಿತಾಗಿರಲಿಲ್ಲ. ಇವೆರಡನ್ನೂ ಬೆರೆಸಿ ಮಾತಾಡುವ ರೂಢಿ ನಮ್ಮ ಪ್ರಸಂಗಪೀಠಗಳಲ್ಲಿಯೂ ಇಲ್ಲದಿಲ್ಲ.

ಈ ಕಾನೂನುಗಳಿಗೆ ಮಾದರಿಯಾದದ್ದು ಫ್ರಾನ್ಸಿನದು. ಮುಸುಕಿಗೆ ತಮ್ಮ ಗಣರಾಜ್ಯದಲ್ಲಿ ಸ್ವಾಗತವಿಲ್ಲವೆಂದು ಅಧ್ಯಕ್ಷ ನಿಕೊಲಾ ಸಾರ್ಕೋಜಿ 2009ರ ಜೂನಿನಲ್ಲಿ ವರ್ಸೈಯಲ್ಲಿ ಸಾರಿದರು. ಸಾರ್ವತ್ರಿಕ ನಿಷೇಧಕ್ಕೆ ಭದ್ರವಾದ ಕಾನೂನಿನ ಬುನಾದಿಯಿಲ್ಲವೆಂದು ರಾಜ್ಯದ ಅತ್ಯುನ್ನತ ಆಡಳಿತ ನ್ಯಾಯಮಂಡಳಿ 2010ರಲ್ಲಿ ಸಲಹೆಯಿತ್ತರೂ ಸೆನೆಟ್ 246 ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ವಿರೋಧವಾಗಿ ಬಿದ್ದದ್ದು ಒಂದೇ ಮತ. ಕಾನೂನು 2011ರ ಏಪ್ರಿಲ್ 11ರಂದು ಜಾರಿಗೆ ಬಂದಿತು. ಮುಸುಕು ಧರಿಸಿದವರಿಗೆ 150 ಯೂರೋಗಳವರೆಗೆ ದಂಡ, ಅಥವಾ ಪೌರತ್ವದ ಪಾಠ. ಮತ್ತೊಬ್ಬಳನ್ನು ಬಲವಂತದಿಂದ ಮುಸುಕು ಧರಿಸುವಂತೆ ಮಾಡಿದವನಿಗೆ ಒಂದು ವರ್ಷದ ಸೆರೆವಾಸ ಹಾಗೂ 30,000 ಯೂರೋ ದಂಡ. ಬೆಲ್ಜಿಯಂ ಅದೇ ವರ್ಷ, ಆಸ್ಟ್ರಿಯಾ 2017ರಲ್ಲಿ, ಡೆನ್ಮಾರ್ಕ್ 2018ರಲ್ಲಿ ಇದೇ ದಾರಿ ಹಿಡಿದವು. ನೆದರ್ಲೆಂಡ್ಸ್ 2019ರಲ್ಲಿ ಶಾಲೆ, ಆಸ್ಪತ್ರೆ, ಸರ್ಕಾರಿ ಕಟ್ಟಡ, ಸಾರ್ವಜನಿಕ ವಾಹನಗಳಿಗೆ ಮಾತ್ರ ನಿಷೇಧವನ್ನು ಸೀಮಿತಗೊಳಿಸಿತು. ಸ್ವಿಟ್ಜರ್ಲೆಂಡಿನ ಮತದಾರರು 2021ರ ಮಾರ್ಚಿನಲ್ಲಿ ಶೇಕಡಾ 51.2ರ ಬಹುಮತದಿಂದ ನಿಷೇಧವನ್ನು ಸಂವಿಧಾನಕ್ಕೇ ಸೇರಿಸಿದರು; 2009ರಲ್ಲಿ ಮಿನಾರುಗಳ ನಿಷೇಧಕ್ಕಾಗಿ ಶ್ರಮಿಸಿದ ಗುಂಪೇ ಇದನ್ನೂ ಮುಂದಿಟ್ಟಿತ್ತು.

ಇಷ್ಟು ಕಾನೂನುಗಳು ಎಷ್ಟು ಮಂದಿಗಾಗಿ? ಫ್ರಾನ್ಸಿನ ಒಳಾಡಳಿತ ಇಲಾಖೆಯ ಅಂದಾಜಿನಂತೆ 2009ರಲ್ಲಿ ಇಡೀ ದೇಶದಲ್ಲಿ ಮುಖ ಮುಚ್ಚುತ್ತಿದ್ದ ಸ್ತ್ರೀಯರು ಸುಮಾರು 1,900. ಸ್ವಿಟ್ಜರ್ಲೆಂಡಿನಲ್ಲಿ ಅವರನ್ನು ಕೆಲವು ಡಜನ್‌ಗಳಲ್ಲಿ ಎಣಿಸಬಹುದಾಗಿತ್ತು. ಸಂಖ್ಯೆ ಅಲ್ಪವೆಂಬ ಕಾರಣಕ್ಕೆ ಪ್ರಶ್ನೆ ಅಲ್ಪವಾಗದು. ಆದರೆ ಇಷ್ಟು ಸಣ್ಣ ಗುಂಪಿನ ಮೇಲೆ ಇಷ್ಟು ದೊಡ್ಡ ಶಾಸನಶಕ್ತಿಯನ್ನು ಪ್ರಯೋಗಿಸುವಾಗ ಶಾಸನವು ಬೇರೇನನ್ನೋ ಕುರಿತು ಮಾತಾಡುತ್ತಿದೆಯೆಂದು ಅನುಮಾನಿಸಲು ನಮಗೆ ಹಕ್ಕಿದೆ.

ಮೊಕದ್ದಮೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವನ್ನೂ ತಲುಪಿತು. 1990ರಲ್ಲಿ ಪಾಕಿಸ್ತಾನದಲ್ಲಿ ಹುಟ್ಟಿದ ಫ್ರೆಂಚ್ ಪೌರಳೊಬ್ಬಳು ಫಿರ್ಯಾದಿ. ತನ್ನ ಮೇಲೆ ಗಂಡನಾಗಲಿ ಮನೆಯವರಾಗಲಿ ಒತ್ತಡ ಹಾಕಿಲ್ಲ, ತಾನು ಸದಾಕಾಲವೂ ಮುಸುಕು ಧರಿಸುವುದಿಲ್ಲ, ವಿಮಾನನಿಲ್ದಾಣದಲ್ಲಿಯೋ ಬ್ಯಾಂಕಿನಲ್ಲಿಯೋ ಗುರುತಿಗಾಗಿ ಕೇಳಿದರೆ ಮುಖ ತೋರಿಸಲು ಸಿದ್ಧಳಿದ್ದೇನೆ ಎಂದು ಆಕೆ ಹೇಳಿದಳು. 2014ರ ಜುಲೈ 1ರ ತೀರ್ಪಿನಲ್ಲಿ ಮಹಾಪೀಠವು ಸರ್ಕಾರದ ವಾದಗಳನ್ನು ಒಂದೊಂದಾಗಿ ತೂಗಿತು. ಸಾರ್ವಜನಿಕ ಭದ್ರತೆಗೆ ಇಷ್ಟು ವ್ಯಾಪಕ ನಿಷೇಧ ಬೇಕಿಲ್ಲ ಎಂದಿತು. ಸ್ತ್ರೀಪುರುಷ ಸಮಾನತೆಯ ಹೆಸರಿನಲ್ಲಿ ಸ್ತ್ರೀಯರೇ ಸಮರ್ಥಿಸುವ ಆಚರಣೆಯನ್ನು ನಿಷೇಧಿಸಲಾಗದು ಎಂದಿತು. ಮಾನವ ಘನತೆಯ ವಾದವನ್ನೂ ಒಪ್ಪಲಿಲ್ಲ. ಉಳಿದದ್ದು ಒಂದೇ ವಾದ: ‘ಒಡನೆ ಬಾಳುವುದು’. ಮುಖವು ಸಾಮಾಜಿಕ ಸಂಬಂಧದಲ್ಲಿ ಪ್ರಧಾನವಾದದ್ದು. ಅದನ್ನು ಮರೆಮಾಡುವುದು ಒಡನಾಟದ ಸಾಧ್ಯತೆಯನ್ನೇ ಮುಚ್ಚುತ್ತದೆ. ಆ ಸಾಧ್ಯತೆಯನ್ನು ರಕ್ಷಿಸುವ ಆಯ್ಕೆ ರಾಷ್ಟ್ರಕ್ಕೆ ಬಿಟ್ಟದ್ದು ಎಂಬ ಈ ಒಂದೇ ಎಳೆಯ ಮೇಲೆ ನಿಷೇಧ ಉಳಿಯಿತು. ಪೀಠದ ಇಬ್ಬರು ನ್ಯಾಯಾಧೀಶೆಯರು ಭಿನ್ನಮತ ಬರೆದರು: ಬೀದಿಯಲ್ಲಿ ಇತರರೊಡನೆ ಸಂಪರ್ಕಕ್ಕೆ ಬಾರದಿರುವ ಹಕ್ಕೂ ಮನುಷ್ಯನಿಗೆ ಉಂಟು ಎಂಬುದು ಅವರ ನಿಲುವು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಇದೇ ಕಾನೂನಿನ ಕುರಿತ ಬೇರೆ ಎರಡು ದೂರುಗಳಲ್ಲಿ ಫ್ರಾನ್ಸಿನ ವಿರುದ್ಧವೇ ಅಭಿಪ್ರಾಯ ನೀಡಿತು.

ಈ ತೀರ್ಪಿನಲ್ಲಿ ನಮ್ಮ ಓದುಗರು ಗಮನಿಸಬೇಕಾದ ಒಂದಂಶವಿದೆ. ಮುಖದ ಮುಸುಕು ಇಸ್ಲಾಮಿನಲ್ಲಿ ಕಡ್ಡಾಯವೇ ಎಂಬುದರಲ್ಲಿ ಮುಸಲ್ಮಾನ ಪಂಡಿತರಲ್ಲೇ ಭಿನ್ನಾಭಿಪ್ರಾಯವಿದೆ. ಅಲ್-ಅಝರಿನ ಮುಖ್ಯಸ್ಥರಾಗಿದ್ದ ಮೊಹಮ್ಮದ್ ಸಯ್ಯದ್ ತಂತಾವಿ ಅದು ರೂಢಿಯೇ ಹೊರತು ಆರಾಧನೆಯ ಅಂಗವಲ್ಲವೆಂದು 2009ರಲ್ಲಿ ಹೇಳಿದ್ದರು. ಆದರೂ ನ್ಯಾಯಾಲಯ ಆ ಪ್ರಶ್ನೆಯನ್ನು ತೀರ್ಮಾನಿಸಹೋಗಲಿಲ್ಲ. ಆಚರಣೆಯು ಧರ್ಮದ ಆಜ್ಞೆಯೆಂದು ವಿಶ್ವಾಸಿಯು ರುಜುವಾತುಪಡಿಸಬೇಕಾಗಿಲ್ಲವೆಂಬ ಸೂತ್ರವನ್ನು ಅದು 2013ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿತ್ತು. ಆ ತೀರ್ಪು, ಕುತ್ತಿಗೆಯಲ್ಲಿ ಕಾಣುವಂತೆ ಶಿಲುಬೆ ಧರಿಸಲು ಬಯಸಿದ ಬ್ರಿಟಿಷ್ ವಿಮಾನಸಂಸ್ಥೆಯ ಕ್ರೈಸ್ತ ಉದ್ಯೋಗಿಯೊಬ್ಬಳದು! ಶಿಲುಬೆಗೆ ದೊರೆತ ಆಶ್ರಯವೇ ಮುಸುಕಿಗೂ ಆ ಮಟ್ಟಿಗೆ ದೊರೆಯಿತು. ಆಚರಣೆಯು ಅತ್ಯವಶ್ಯಕವೋ ಅಲ್ಲವೋ ಎಂದು ನ್ಯಾಯಾಲಯಗಳೇ ನಿರ್ಣಯಿಸುವ ನಮ್ಮ ದೇಶದ ಪದ್ಧತಿಯೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ದೀಕ್ಷಾಸ್ನಾನದ ಪ್ರಕಾರವನ್ನೋ ಉಪವಾಸವನ್ನೋ ಅದೇ ತಕ್ಕಡಿಯಲ್ಲಿ ತೂಗಿದರೆ ಏನಾದೀತೆಂದು ನಾವು ಯೋಚಿಸಿದ್ದುಂಟೇ?

ಇನ್ನು ಸತ್ಯವೇದದ ಮಾತು. ನಿಷೇಧದ ಪರವಾಗಿ ವಾದಿಸುವ ಕ್ರೈಸ್ತರು ಎರಡನೆಯ ಕೊರಿಂಥದ ಮೂರನೆಯ ಅಧ್ಯಾಯವನ್ನು ತೋರಿಸುತ್ತಾರೆ: ಮೋಶೆ ಮುಖಕ್ಕೆ ಮುಸುಕು ಹಾಕಿಕೊಂಡನು, ನಾವಾದರೋ ಮುಸುಕಿಲ್ಲದ ಮುಖದಿಂದ ಕರ್ತನ ಮಹಿಮೆಯನ್ನು ಕಾಣುತ್ತೇವೆ ಎಂಬ ಪೌಲನ ವಾದ ಅಲ್ಲಿದೆ. ಆದರೆ ಆ ವಾದದಲ್ಲಿ ಮುಸುಕು ತೆಗೆಯುವವನು ಯಾರು? ಕರ್ತನ ಕಡೆಗೆ ತಿರುಗಿಕೊಂಡಾಗ ಅದು ತೆಗೆಯಲ್ಪಡುತ್ತದೆ. ಅದು ಆತ್ಮನ ಕ್ರಿಯೆ, ಮತ್ತು ಆತ್ಮನಿರುವಲ್ಲಿ ಬಿಡುಗಡೆಯುಂಟೆಂದು ಅಪೊಸ್ತಲನು ಒಡನೆಯೇ ಸೇರಿಸುತ್ತಾನೆ. ಆತ್ಮನ ಕೆಲಸವನ್ನು ಪೊಲೀಸರ ಕೈಗೆ ಒಪ್ಪಿಸುವುದಕ್ಕೆ ಈ ವಾಕ್ಯಭಾಗದಲ್ಲಿ ಆಧಾರವಿಲ್ಲ. ಅದೇ ಪೌಲನು ಅದೇ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಾರ್ಥಿಸುವ ಸ್ತ್ರೀಗೆ ತಲೆ ಮುಚ್ಚಿಕೊಳ್ಳಲು ಹೇಳಿದ್ದನ್ನು ಈ ವಾದಿಗಳು ಸಾಮಾನ್ಯವಾಗಿ ಉಲ್ಲೇಖಿಸುವುದಿಲ್ಲ. ರೆಬೆಕ್ಕಳು ಇಸಾಕನನ್ನು ಕಂಡೊಡನೆ ಮುಸುಕು ಹಾಕಿಕೊಂಡದ್ದನ್ನು ಆದಿಕಾಂಡವು ಯಾವ ಆಕ್ಷೇಪವೂ ಇಲ್ಲದೆ ಹೇಳುತ್ತದೆ. ಕನ್ಯೆಯರ ಮುಸುಕಿನ ಕುರಿತು ಒಂದು ಗ್ರಂಥವನ್ನೇ ಬರೆದ ತೆರ್ತುಲ್ಲಿಯನನು ಒಂದೇ ಕಣ್ಣನ್ನು ಬಿಟ್ಟು ಮುಖವನ್ನೆಲ್ಲ ಮುಚ್ಚುತ್ತಿದ್ದ ಅರೇಬಿಯದ ಅನ್ಯಜನಾಂಗದ ಸ್ತ್ರೀಯರನ್ನು ಕ್ರೈಸ್ತ ಸ್ತ್ರೀಯರಿಗೆ ಮೇಲ್ಪಂಕ್ತಿಯಾಗಿ ತೋರಿಸಿದನು. ಅದು ಇಸ್ಲಾಮಿನ ಉದಯಕ್ಕೆ ನಾಲ್ಕು ಶತಮಾನಗಳ ಹಿಂದಿನ ಮಾತು. ಮುಖದ ಮುಸುಕು ನಮ್ಮ ಪರಂಪರೆಗೆ ಪೂರ್ತಿ ಹೊರಗಿನದೆಂಬ ಮಾತು ನಿಲ್ಲುವುದಿಲ್ಲ.

ತತ್ತ್ವಜ್ಞಾನಿ ಎಮಾನ್ಯುಯೆಲ್ ಲೆವಿನಾಸ್‌ರ ಹೆಸರೂ ಈ ಚರ್ಚೆಯಲ್ಲಿ ಬರುತ್ತದೆ. ಆದರೆ ಅವರು ಹೇಳುವ ಮುಖವು ಕಣ್ಣಿಗೆ ಬೀಳುವ ಮೂಗುಬಾಯಿಗಳ ಆಕೃತಿಯಲ್ಲ. ನನ್ನ ಹಿಡಿತಕ್ಕೆ ಸಿಗದೆ ನನ್ನನ್ನು ಹೊಣೆಗಾರನನ್ನಾಗಿ ಮಾಡುವ ಮತ್ತೊಬ್ಬನ ಸಾನ್ನಿಧ್ಯ. ಆ ಅರ್ಥದಲ್ಲಿ ನಿಖಾಬಿನ ಹಿಂದಿರುವವಳಿಗೂ ಮುಖವಿದೆ. ನಿನ್ನನ್ನು ನಾನು ನೋಡಲೇಬೇಕೆಂಬ ಒತ್ತಾಯವೇ ಹಿಡಿತದ ಭಾಷೆ.

ಫ್ರಾನ್ಸಿನ ಸಭೆಗೆ ಹೆಚ್ಚು ಹತ್ತಿರದ ಇನ್ನೊಂದು ನೆನಪಿದೆ. 1905ರಲ್ಲಿ ಸಭೆ ಮತ್ತು ರಾಜ್ಯಗಳ ವಿಯೋಜನೆಯ ಕಾನೂನು ಚರ್ಚೆಯಾಗುತ್ತಿದ್ದಾಗ ಶಾರ್ಲ್ ಶಾಬೆರ್ ಎಂಬ ಪ್ರತಿನಿಧಿಯು ಪಾದ್ರಿಗಳು ಬೀದಿಯಲ್ಲಿ ನಿಲುವಂಗಿ ಧರಿಸುವುದನ್ನು ನಿಷೇಧಿಸುವ ತಿದ್ದುಪಡಿಯನ್ನು ಮಂಡಿಸಿದನು. ಆ ಉಡುಪು ಪಾದ್ರಿಯನ್ನು ದಾಸ್ಯದಲ್ಲಿಡುತ್ತದೆ, ಅದನ್ನು ಕಳಚಿದರೆ ಅವನೊಳಗಿನ ಮನುಷ್ಯನು ಬಿಡುಗಡೆ ಹೊಂದುವನು ಎಂಬುದು ಅವನ ವಾದ. ಒಂದು ಶತಮಾನದ ಬಳಿಕ ಮುಸುಕಿನ ಕುರಿತು ಕೇಳಿದ್ದೂ ಇದೇ. ಮಸೂದೆಯ ವರದಿಗಾರ ಅರಿಸ್ತಿದ್ ಬ್ರಿಯಾಂ ಸಭೆಯ ಮಿತ್ರನೇನೂ ಅಲ್ಲ. ಆದರೂ ಸ್ವಾತಂತ್ರ್ಯವನ್ನು ಸ್ಥಾಪಿಸುವ ಕಾನೂನು ಉಡುಪಿನ ಕತ್ತರಿಕೆಗೆ ಕೈಹಾಕಿದರೆ ಹಾಸ್ಯಾಸ್ಪದವಾಗುವುದೆಂದೂ, ಪಾದ್ರಿಗಳೂ ದರ್ಜಿಗಳೂ ಸೇರಿ ಬೇಗನೆ ಬೇರೊಂದು ಉಡುಪನ್ನು ಕಂಡುಹಿಡಿಯುವರೆಂದೂ ಅವರು ಉತ್ತರಿಸಿದರು. ತಿದ್ದುಪಡಿಯು 184ಕ್ಕೆ ಪ್ರತಿಯಾಗಿ 391 ಮತಗಳಿಂದ ಬಿದ್ದುಹೋಯಿತು.

ಎದುರುಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಬಲವಂತಕ್ಕೊಳಗಾದ ಸ್ತ್ರೀಯರು ಇದ್ದಾರೆ. ಬಲವಂತವು ಹಲವೊಮ್ಮೆ ಹೊಡೆತದ ರೂಪದಲ್ಲಿ ಅಲ್ಲ, ಬಾಲ್ಯದಿಂದ ಬೆಳೆದ ಭಯದ ರೂಪದಲ್ಲಿ ಇರುತ್ತದೆ. ಆಗ ಮಂತ್ರಿಯಾಗಿದ್ದ, ಅಲ್ಜೀರಿಯ ಮೂಲದ ಕುಟುಂಬದಿಂದ ಬಂದ ಫದೇಲಾ ಅಮಾರಾ ನಿಷೇಧವನ್ನು ಬೆಂಬಲಿಸಿದ್ದು ಇಂಥ ಅನುಭವಗಳ ನೆರಳಿನಲ್ಲಿಯೇ. ಅವರ ಮಾತನ್ನು ಮುಸ್ಲಿಮ್ ದ್ವೇಷವೆಂದು ತಳ್ಳಿಹಾಕುವುದು ಸುಲಭ, ಆದರೆ ಸತ್ಯವಲ್ಲ. ಬಲವಂತ ಮಾಡುವವನಿಗೆ ಕಠಿಣ ಶಿಕ್ಷೆ ವಿಧಿಸುವ ಭಾಗಕ್ಕೆ ನಮ್ಮ ಸಮ್ಮತಿಯಿದೆ. ಆದರೆ ಅದೇ ಕಾನೂನು ಬಲವಂತಕ್ಕೊಳಗಾದವಳಿಗೂ ದಂಡ ವಿಧಿಸುತ್ತದೆ. ಗಂಡನ ಭಯದಿಂದ ಮುಸುಕು ಹಾಕಿದವಳು ದಂಡದ ಭಯದಿಂದ ಮನೆಯೊಳಗೇ ಉಳಿದರೆ ಅವಳು ಬಿಡುಗಡೆ ಹೊಂದಿದಳೇ?

ಕಾನೂನಿನ ವಿನಾಯಿತಿಗಳೂ ಗಮನಾರ್ಹ. ಆರೋಗ್ಯ, ವೃತ್ತಿ, ಕ್ರೀಡೆ, ಸಾಂಪ್ರದಾಯಿಕ ಉತ್ಸವಗಳಿಗಾಗಿ ಮುಖ ಮುಚ್ಚಬಹುದು. 2020ರಲ್ಲಿ ಕೋವಿಡ್ ಬಂದಾಗ ಇಡೀ ಫ್ರಾನ್ಸ್ ಮೂಗುಬಾಯಿ ಮುಚ್ಚಿಕೊಂಡೇ ಒಡನೆ ಬಾಳಿತು. ಪೆರ್ಪಿನ್ಯಾಂ ನಗರದಲ್ಲಿ ಶುಭ ಶುಕ್ರವಾರದಂದು ಪಶ್ಚಾತ್ತಾಪಿಗಳು ಕಣ್ಣುಗಳ ಹೊರತು ಮುಖವನ್ನೆಲ್ಲ ಮರೆಮಾಡುವ ಚೂಪು ಕುಲಾವಿಗಳನ್ನು ಧರಿಸಿ ಬೀದಿಗಳಲ್ಲಿ ಮೆರವಣಿಗೆ ಹೋಗುತ್ತಾರೆ. ಅದು ಸಂಪ್ರದಾಯ. ಬಹುಸಂಖ್ಯಾತರ ಭಕ್ತಿಯು ಹೀಗೆ ಸಂಸ್ಕೃತಿಯ ಹೆಸರಿನಲ್ಲಿ ದಾಟಿಹೋಗುತ್ತದೆ. ಅಲ್ಪಸಂಖ್ಯಾತರದು ಧರ್ಮದ ಹೆಸರಿನಲ್ಲಿ ತಡೆಯಲ್ಪಡುತ್ತದೆ. ಈ ದೇಶದಲ್ಲಿ ಅಲ್ಪಸಂಖ್ಯಾತರಾಗಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿನಾಯಿತಿಯು ಸಂಸತ್ತಿನದಲ್ಲ, ಸಂವಿಧಾನ ಮಂಡಳಿಯದು. 2010ರ ಅಕ್ಟೋಬರ್ 7ರಂದು ಕಾನೂನನ್ನು ಎತ್ತಿಹಿಡಿಯುವಾಗ ಮಂಡಳಿಯು ಒಂದು ನಿಬಂಧನೆ ಹಾಕಿತು: ಸಾರ್ವಜನಿಕರಿಗೆ ತೆರೆದಿರುವ ಆರಾಧನಾ ಸ್ಥಳಗಳಿಗೆ ಈ ನಿಷೇಧ ಅನ್ವಯಿಸದು. ಮಂಡಳಿಯು ಮಸೀದಿಗಳೆಂದು ಹೇಳಲಿಲ್ಲ, ಆರಾಧನಾ ಸ್ಥಳಗಳೆಂದಿತು. ಆದುದರಿಂದ ನಿಖಾಬ್ ಧರಿಸಿದ ಸ್ತ್ರೀಯೊಬ್ಬಳು ಫ್ರಾನ್ಸಿನ ಯಾವುದೋ ಊರಿನ ದೇವಾಲಯದ ಬಾಗಿಲು ದಾಟಿ ಒಳಗಿನ ಬೆಂಚಿನಲ್ಲಿ ಕುಳಿತರೆ ಯಾವ ಅಧಿಕಾರಿಯೂ ಅವಳಿಗೆ ದಂಡ ವಿಧಿಸಲಾರನು. ಹೊರಗಿನ ಬೀದಿಯಲ್ಲಿ ವಿಧಿಸಬಹುದು. ಅವಳನ್ನು ಒಳಗೆ ಕೂರಗೊಡುವ ಅಥವಾ ಎಬ್ಬಿಸಿ ಕಳುಹಿಸುವ ತೀರ್ಮಾನ ಅಲ್ಲಿನ ಸಭಾಪಾಲಕನದು ಮತ್ತು ಸಭೆಯದು.